ಗಡಿಕಲ್ಲಿನಾಚೆಯ ನೀರು

ಗಡಿಕಲ್ಲು ದಾಟಿದರೆ ನೀರು ಕಹಿ. ನಮ್ಮೂರಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ಊರ ಬಾವಿಯಿಂದಲೇ ಸೇದಿ ಹೊತ್ತುಕೊಂಡು ಹೋದರೂ ಅಷ್ಟೇ, ಕಲ್ಲಿನಾಚೆಗೆ ಕಾಲಿಟ್ಟ ಕೂಡಲೇ ನೀರು ಕೊಡದೊಳಗೇ ಕೆಟ್ಟುಹೋಗುತ್ತದೆ. ನೋಡಿದರೆ ಏನೂ ತಿಳಿಯುವುದಿಲ್ಲ. ತಿಳಿಯಾಗಿ, ತಣ್ಣಗೆ ಇರುತ್ತದೆ. ಕುಡಿದವರು ಮಾತ್ರ ವಾಂತಿ ಮಾಡಿ ಮಾಡಿ ಒಣಗಿ ಬೀಳುತ್ತಾರೆ. ಕಲ್ಲಿನಿಂದ ಆಚೆಯೂರಿಗೆ ಒಂದು ಹಗಲು ಒಂದು ರಾತ್ರಿ ನಡೆಯುವಷ್ಟು ಬಯಲು. ಆ ಬಯಲಿನ ತುಂಬ ಹೊಂಡಗಳು, ಹೊಂಡದ ತುಂಬ ಆಕಾಶ ಕಾಣುವಂಥ ನೀರು. ಬಾಯಾರಿ ಸತ್ತವರೆಲ್ಲ ಸತ್ತದ್ದು ನೀರಿನ ದಡದಲ್ಲೇ. ನಮ್ಮೂರ ಬಸ್ಸು ಕಲ್ಲಿನ ತನಕ ಹೋಗಿ ತಿರುಗಿಕೊಂಡು ಬರುತ್ತದೆ. ದಾಟಿದರೆ ರೇಡಿಯೇಟರಿನ ನೀರು ಒಡೆದ ಹಾಲಿನ ಹಾಗೆ ಗಡ್ಡೆಕಟ್ಟಿ ಇಂಜಿನ್ನು ನಿಂತುಬಿಡುತ್ತದೆ.

ಹಾಗಾಗಿ ಬಯಲು ದಾಟುವವರು ಮೇಕೆ ಹೊಡೆದುಕೊಂಡು ಹೋಗುತ್ತಾರೆ. ಕೆಚ್ಚಲೊಳಗಿನ ಹಾಲು ಕೆಡುವುದಿಲ್ಲ. ಚೊಂಬಿಗೆ ಕರೆದು ಇಟ್ಟುಕೊಳ್ಳುತ್ತೇನೆ ಅಂದರೆ ಆಗದು, ಎರಡು ಉಸಿರು ಕಳೆಯುವುದರೊಳಗೆ ಅದೂ ಕಹಿ. ಮಂಡಿಯೂರಿ, ಮೊಲೆಗೆ ಬಾಯಿಟ್ಟೇ ಕುಡಿಯಬೇಕು. ಊರಿನ ಹೈಸ್ಕೂಲು ಹೆಡ್‌ಮಾಸ್ತರರೂ ಹಾಗೇ ಕುಡಿದವರು, ಮದುವಣಗಿತ್ತಿಯರೂ ಹಾಗೇ ಕುಡಿದು ಗಂಡನ ಮನೆ ಸೇರಿದವರು. ಆ ಮೇಕೆಗಳನ್ನು ಬಾಡಿಗೆಗೆ ಕೊಡುವ ಕೆಲಸ ನಮ್ಮದು. ನನ್ನ ಅತ್ತೆ ಮಾಡುತ್ತಿದ್ದರು, ಅವರಾದ ಮೇಲೆ ನಾನು. ನನ್ನ ಹೆಸರು ಸಾಕಮ್ಮ.

ನನ್ನ ಒಬ್ಬನೇ ಮಗ ಬೆಟ್ಟಯ್ಯ ಸತ್ತದ್ದೂ ಆ ಬಯಲಿನಲ್ಲೇ. ಆಚೆಯೂರಿಗೆ ಎಣ್ಣೆಗಾಣದ ಲೆಕ್ಕಕ್ಕೆಂದು ಹೋದವನು ನಮ್ಮ ಕೊಟ್ಟಿಗೆಯ ಒಳ್ಳೆಯ ಮೇಕೆಯನ್ನೇ ಆರಿಸಿಕೊಂಡಿದ್ದ. ಮಾರನೆಯ ದಿನ ಮೇಕೆ ಒಂದೇ ವಾಪಸು ಬಂತು. ಕೊರಳಲ್ಲಿ ತುಂಡಾದ ಹಗ್ಗ, ಕೆಚ್ಚಲು ಬಿರಿಯುವಷ್ಟು ತುಂಬಿತ್ತು. ಅಂಗಳದಲ್ಲಿ ನಿಂತು ಕರೆಸಿಕೊಳ್ಳಲೆಂದು ಕೂಗುತ್ತಿತ್ತು. ಅದನ್ನು ನೋಡಿದ ನನ್ನ ಸೊಸೆ ವನಜಾಕ್ಷಿ ಅಳಲಿಲ್ಲ. ಹೋಗಿ ಅದರ ಹಾಲನ್ನೆಲ್ಲ ನೆಲಕ್ಕೆ ಕರೆದು ಬಂದಳು. ಆಮೇಲೆ ಅವಳು ನಮ್ಮ ಮನೆಯಲ್ಲಿ ಹಾಲು ಮುಟ್ಟಿದ್ದನ್ನು ನಾನು ಕಾಣೆ.

ವನಜಾಕ್ಷಿ ಕುಂಬಾರರ ಮನೆಯವಳು. ಗಂಡ ಹೋದ ಮೇಲೆ ಅವಳು ತವರಿಗೆ ಹೋಗಲಿಲ್ಲ, ನಾನೂ ಹೋಗು ಅನ್ನಲಿಲ್ಲ. ನಾನು ಮೇಕೆ ನೋಡಿಕೊಳ್ಳುತ್ತಿದ್ದೆ, ಅವಳು ಹಿತ್ತಲಿನಲ್ಲಿ ಮಣ್ಣು ಕಲಸುತ್ತಿದ್ದಳು. ಜೇಡಿಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ ತಟ್ಟಿ ಸುಟ್ಟರೆ ಹೊಟ್ಟು ಉರಿದುಹೋಗಿ ಬಿಲ್ಲೆಯಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಅಂಥ ಬಿಲ್ಲೆಯನ್ನು ಒಂದು ತಗಡಿನ ಡಬ್ಬಿಯ ತಳಕ್ಕೆ ಕೂರಿಸಿ, ಮೇಲೆ ತೊಳೆದ ಮರಳು, ಅದರ ಮೇಲೆ ಕುಟ್ಟಿದ ತೆಂಗಿನ ಚಿಪ್ಪಿನ ಇದ್ದಿಲು ತುಂಬಿದಳು. ಮುಚ್ಚಳಕ್ಕೆ ಸೈಕಲ್ ಪಂಪು ಬಿಗಿದಳು. ಕಹಿನೀರು ಸುರಿದು ಪಂಪು ಒತ್ತಿದರೆ ಕೆಳಗಿನ ನಳಿಗೆಯಿಂದ ಹನಿಹನಿಯಾಗಿ ನೀರು ಬರುತ್ತದೆ. ಎಷ್ಟು ಬಿಲ್ಲೆಗಳು ಬಿರುಕು ಬಿಟ್ಟವೋ, ಎಷ್ಟು ಸಲ ಅವಳು ಕಲ್ಲಿನಾಚೆ ಹೋಗಿ ನಾಲಿಗೆಗೆ ಹನಿ ಮುಟ್ಟಿಸಿಕೊಂಡು ಉಗಿದು ಬಂದಳೋ! ಕೊನೆಗೆ ಒಂದು ದಿನ ಒಂದು ಲೋಟ ಕುಡಿದು, ಕಲ್ಲಿನ ಮೇಲೆ ಸಂಜೆವರೆಗೂ ಕೂತಿದ್ದು, ತನ್ನ ಕಾಲಿನ ಮೇಲೆ ನಡೆದು ಮನೆಗೆ ಬಂದಳು. ಬೆನ್ನಿಗೆ ಕಟ್ಟಿಕೊಳ್ಳಲು ಡಬ್ಬಿಗೆ ಪಟ್ಟಿ ಹೊಲಿದಳು.

ಸುದ್ದಿ ಹಬ್ಬಿತು. ಮೇಕೆಯವರೆಲ್ಲ ಮುದ್ದಣ್ಣನ ಕೊಟ್ಟಿಗೆಯಲ್ಲಿ ಸೇರಿದರು. ಮುದ್ದಣ್ಣ ನಮ್ಮಲ್ಲಿ ಹಿರಿಯ, ಅವನ ಮೇಕೆಗಳೇ ಹೆಚ್ಚು.

"ಸೋಸೋ ಡಬ್ಬಿಯಂತೆ. ಇದನ್ನ ನಂಬಿಕೊಂಡು ಯಾರೋ ಹೋಗಿ ನಡುಬಯಲಲ್ಲಿ ಸತ್ತರೆ ಯಾರಮ್ಮ ಹೊಣೆ?" ಅಂದ.

"ನಾನೇ ಕುಡಿದಿದ್ದೀನಲ್ಲ," ಅಂದಳು ವನಜಾಕ್ಷಿ.

"ಕಲ್ಲಿನ ಪಕ್ಕ ಕೂತು ಕುಡಿದರೆ ಆಯ್ತಾ? ಏನಾದರೂ ಆದರೆ ಒಂದು ಹೆಜ್ಜೆ ಈಚೆ ಇಟ್ಟರೆ ಊರು. ಮಾಡಿದೋಳು ಮೇಕೆಯಿಲ್ಲದೆ ದಾಟಿ, ತಿರುಗಿ ಬಂದು ಇಲ್ಲಿ ನಿಂತ್ಕೊಳ್ಳಲಿ. ಆಮೇಲೆ ಮಾರೋ ಮಾತು. ಜೊತೆಗೆ ನಮ್ಮ ಕಡೆಯಿಂದ ಒಬ್ಬರು ಸಾಕ್ಷಿ ಹೋಗಬೇಕು. ಕದ್ದು ಹಾಲು ಕುಡಿದರೆ ಯಾರು ನೋಡೋರು?"

"ನಾನು ಹೋಗ್ತೀನಿ," ಅಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ಆಮೇಲೆ ಗೊತ್ತಾಯಿತು.

ದಾರಿಯಲ್ಲಿ ವನಜಾಕ್ಷಿ ನನ್ನ ಮುಖ ನೋಡಲಿಲ್ಲ. ಮನೆಗೆ ಬಂದ ಮೇಲೆ ಕೇಳಿದಳು, "ಯಾಕೆ ಒಪ್ಕೊಂಡ್ರಿ ಅತ್ತೆ? ನಾನು ಸೋಲೋದನ್ನ ಕಣ್ಣಾರೆ ನೋಡಬೇಕಿತ್ತಾ?"

"ನೀನು ಬಿದ್ದೆ ಅಂತ ಇನ್ನೊಬ್ಬರು ಬಂದು ನನಗೆ ಹೇಳೋದು ಬೇಡ ಅಂತ," ಅಂದೆ.

ಬೆಳಗಿನ ಜಾವ ಹೊರಟೆವು. ಅವಳ ಬೆನ್ನಿಗೆ ಡಬ್ಬಿ, ನನ್ನ ಕೈಯಲ್ಲಿ ಮೇಕೆಯ ಹಗ್ಗ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿಕೊಂಡಿದ್ದೆ. ಜೀವಮಾನವೆಲ್ಲ ಬಯಲಿಗೆ ಮೇಕೆ ಕಳಿಸಿದವಳು ನಾನು, ಆದರೆ ಕಲ್ಲು ದಾಟಿದ್ದು ಅದೇ ಮೊದಲು. ದಾಟುವಾಗ ಬಾಯೊಳಗಿನ ಎಂಜಲೂ ಕಹಿಯಾಯಿತೇನೋ ಅನ್ನಿಸಿತು. ಅದು ಬರೀ ಹೆದರಿಕೆ.

ಬಿಸಿಲೇರಿದ ಮೇಲೆ ಅವಳು ಒಂದು ಹೊಂಡದ ಬಳಿ ಕೂತು ಡಬ್ಬಿ ಇಳಿಸಿದಳು. ನೀರು ಸುರಿದಳು, ಪಂಪು ಒತ್ತಿದಳು. ನಳಿಗೆಯಿಂದ ಹನಿ ಬೀಳುವ ಸದ್ದು ಬಿಟ್ಟರೆ ಆ ಬಯಲಲ್ಲಿ ಇನ್ನೊಂದು ಸದ್ದಿಲ್ಲ. ಸೋಸಿದ ನೀರು ಹಾಲಿನಷ್ಟು ಬೇಗ ಕೆಡದಿದ್ದರೂ ಕಟ್ಟಿಕೊಂಡು ಹೋಗುವ ಹಾಗಿಲ್ಲ, ಸೋಸಿದಲ್ಲೇ ಕುಡಿದು ಮುಗಿಸಬೇಕು. ಅವಳು ಲೋಟ ಎತ್ತಿ ಕುಡಿದಳು. ನಾನು ಅವಳ ಗಂಟಲನ್ನೇ ನೋಡುತ್ತ ನಿಂತೆ. ಏನೂ ಆಗಲಿಲ್ಲ. "ಸಾಕ್ಷಿ ನೋಡಿದ್ರಾ?" ಅಂದಳು. ನಾನು ಮೇಕೆಯ ಕೆಳಗೆ ಮಂಡಿಯೂರಿ ಎರಡು ಗುಟುಕು ಹಾಲು ಕುಡಿದೆ. ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು ಕುಡಿದ ಹಾಗಿತ್ತು ಅದು.

ಮಧ್ಯಾಹ್ನದ ಹೊತ್ತಿಗೆ ಎರಡು ಬಂಡೆಗಳ ನಡುವಿನ ಒಂದು ಹೊಂಡ ಬಂತು. ಬೆಟ್ಟಯ್ಯ ಅಲ್ಲೇ ಸಿಕ್ಕಿದ್ದ ಅಂತ ಅವನನ್ನು ಹೊತ್ತು ತಂದವರು ಹೇಳಿದ್ದರು. ಇಬ್ಬರೂ ನಿಲ್ಲಲಿಲ್ಲ. ಅವಳ ನಡಿಗೆ ಮಾತ್ರ ಜೋರಾಯಿತು. ಮೇಕೆ ಎಳೆದುಕೊಂಡು ನಾನು ಹಿಂದೆ ಹಿಂದೆ ಓಡಿದೆ.

ಸ್ವಲ್ಪ ದೂರ ಹೋದ ಮೇಲೆ ಅವಳು ಇನ್ನೊಂದು ಸಲ ಸೋಸಿದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡವಳು ನುಂಗಲಿಲ್ಲ. ಆ ಕಡೆ ತಿರುಗಿ ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡಳು.

"ಏನಾಯ್ತು?"

"ಏನಿಲ್ಲ. ಬಾಯಾರಿಕೆ ಇಲ್ಲ."

ಅಂಥ ಬಿಸಿಲಲ್ಲಿ ಬಾಯಾರಿಕೆಯಿಲ್ಲ ಅನ್ನುವವರನ್ನು ನಾನು ನಂಬುವವಳಲ್ಲ. ಲೋಟ ಕಸಿದುಕೊಂಡು ತಳದಲ್ಲಿದ್ದ ಹನಿಯನ್ನು ನಾಲಿಗೆಗೆ ಮುಟ್ಟಿಸಿದೆ. ಬೇವಿನ ಕಡ್ಡಿ ಅಗಿದ ಹಾಗೆ ನಾಲಿಗೆಯ ಬುಡದಲ್ಲಿ ಕಹಿ ಹತ್ತಿತು.

"ಹಾಲು ಕುಡಿ," ಅಂದೆ.

"ಕುಡಿಯಲ್ಲ."

"ಯಾರು ನೋಡ್ತಾರೆ ಇಲ್ಲಿ?"

"ನೀವು ನೋಡ್ತೀರಿ," ಅಂದಳು. "ಆಮೇಲೆ, ಮೇಕೆ ಹಾಲು ಕುಡಿದು ಬದುಕೋದಾದರೆ ನಾನು ಇದನ್ನ ಯಾಕೆ ಮಾಡಬೇಕಿತ್ತು?"

ನಾನು ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು "ಅಯ್ಯೋ, ಅಲ್ಲಿ ನೋಡಿ!" ಅಂತ ಕೂಗಿದಳು. ಮುಂದಿನ ಹೊಂಡದ ಅಂಚಿನಲ್ಲಿ ಒಬ್ಬ ಮನುಷ್ಯ ಬೋರಲಾಗಿ ಮಲಗಿ ನೀರಿಗೆ ಕೈ ಚಾಚುತ್ತಿದ್ದ. ಪಕ್ಕದಲ್ಲಿ ಬಳೆಯ ಮಲಾರ ಚೆಲ್ಲಾಪಿಲ್ಲಿಯಾಗಿ ಬಿದ್ದು, ಗಾಜಿನ ಬಳೆಗಳು ಬಿಸಿಲಿಗೆ ಮಿನುಗುತ್ತಿದ್ದವು. ನಮ್ಮೂರಿಗೂ ಆಚೆಯೂರಿಗೂ ತಿರುಗಾಡುವ ಬಳೆಗಾರ ಬುಡೇನ್ ಸಾಬರು. "ಕುಡೀಬೇಡಿ ಸಾಬರೇ, ಕುಡೀಬೇಡಿ!" ಅಂತ ಕಿರುಚುತ್ತ ವನಜಾಕ್ಷಿ ಓಡಿದಳು. ಡಬ್ಬಿ ಬೆನ್ನ ಮೇಲೆ ದಡದಡ ಬಡಿಯುತ್ತಿತ್ತು. ಸಾಬರು ಬೊಗಸೆ ತುಟಿಗೆ ತಂದಿದ್ದರು. ಅವಳು ಹೋಗಿ ಆ ಕೈಗೆ ಒದ್ದಳು. ಹಿರಿಯರ ಕೈಗೆ ಒದ್ದೆನಲ್ಲ ಅಂತ ಆಮೇಲೆ ಎಷ್ಟೋ ದಿನ ನೊಂದುಕೊಂಡಳು.

ಸಾಬರ ನಾಲಿಗೆ ದಪ್ಪಗಾಗಿ ಮಾತು ಹೊರಡುತ್ತಿರಲಿಲ್ಲ. ಕೈ ಮಾಡಿ ತೋರಿಸಿದರು. ಬಂಡೆಯ ನೆರಳಲ್ಲಿ ಒಂದು ಮೇಕೆ ಮಲಗಿತ್ತು. ಕಿವಿ ಕತ್ತರಿಸಿದ ಗುರುತು ನೋಡಿದ ಕೂಡಲೇ ಗೊತ್ತಾಯಿತು, ಮುದ್ದಣ್ಣನದು. ಹಲ್ಲು ಸವೆದ ಮುದಿ ಮೇಕೆ, ಕೆಚ್ಚಲು ಖಾಲಿ ಚೀಲದ ಹಾಗೆ ಜೋತುಬಿದ್ದಿತ್ತು. ಇಂಥದನ್ನು ಬಯಲಿಗೆ ಕಳಿಸುವುದೂ ಒಂದೇ, ಮನುಷ್ಯನ ಕೈಗೆ ಖಾಲಿ ಕೊಡ ಕೊಡುವುದೂ ಒಂದೇ.

ನಾನು ನನ್ನ ಮೇಕೆಯನ್ನು ಕೆಚ್ಚಲು ಸಾಬರ ಮುಖದ ಮೇಲೆ ಬರುವ ಹಾಗೆ ನಿಲ್ಲಿಸಿದೆ. ಅವರಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ವನಜಾಕ್ಷಿ ಅವರ ತಲೆ ಎತ್ತಿ ಹಿಡಿದಳು, ನಾನು ಮೊಲೆಯಿಂದ ನೇರ ಬಾಯಿಗೆ ಹಾಲು ಹಿಂಡಿದೆ. ಮೊದಮೊದಲು ಗಲ್ಲದ ಮೇಲೆ ಹರಿದುಹೋಯಿತು. ಆಮೇಲೆ ಗಂಟಲು ಅಲುಗಿತು. ಕೆಚ್ಚಲಲ್ಲಿ ಇದ್ದದ್ದೆಲ್ಲ ಅವರಿಗೇ ಆಯಿತು. ಮೊಲೆ ಸೊರಗಿದ್ದು ನನ್ನ ಬೆರಳಿಗೆ ತಿಳಿಯಿತು. ಮತ್ತೆ ಹಾಲು ಇಳಿಯುವುದು ಮಾರನೆಯ ಬೆಳಿಗ್ಗೆಯೇ. ಆಚೆಯೂರು ದೂರ, ನಮ್ಮೂರೂ ದೂರ. ಮೂರು ಜನ, ಬತ್ತಿದ ಮೇಕೆ, ಕಹಿ ಹತ್ತಿದ ಡಬ್ಬಿ. ಕಾಲ ಬಳಿಯಲ್ಲಿ ಹೊಂಡದ ನೀರು ಗಾಳಿಗೆ ಸಣ್ಣಗೆ ಅಲುಗುತ್ತಿತ್ತು.

ವನಜಾಕ್ಷಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ತುಟಿ ಬಿರಿದಿತ್ತು. ಬಿಲ್ಲೆಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದಳು, ಉಗುರಿನಿಂದ ತಟ್ಟಿ ಸದ್ದು ಕೇಳಿದಳು. "ಬಿಲ್ಲೆ ಬಿರಿದಿಲ್ಲ," ಅಂದಳು. ಇದ್ದಿಲನ್ನು ಮೂಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದ್ದಿಲು ಸತ್ತಿದೆ ಅತ್ತೆ. ಅದು ಹೀರೋಷ್ಟು ಹೀರಿ ಆಯ್ತು. ಕಲ್ಲಿನ ಹತ್ತಿರ ಒಂದೆರಡು ಲೋಟ ಸೋಸಿ ನೋಡ್ತಿದ್ದೆ, ಇಷ್ಟು ಬೇಗ ತುಂಬಿಹೋಗುತ್ತೆ ಅಂತ ಗೊತ್ತಾಗಲಿಲ್ಲ."

"ಹಾಗಾದರೆ?"

"ಹೊಸ ಇದ್ದಿಲು ಬೇಕು."

ಬಯಲಲ್ಲಿ ಅಲ್ಲೊಂದು ಇಲ್ಲೊಂದು ಒಣಗಿದ ಜಾಲಿ ಗಿಡಗಳಿದ್ದವು. ನಾವಿಬ್ಬರೂ ಬರಿಗೈಯಲ್ಲಿ ಮುರಿದು ತಂದೆವು. ಮುಳ್ಳು ಚುಚ್ಚಿದ್ದು ಗೊತ್ತಾಗುತ್ತಿತ್ತು, ರಕ್ತ ಮಾತ್ರ ಬೇಗ ಬರುತ್ತಿರಲಿಲ್ಲ. ಸಾಬರ ಬೀಡಿಯ ಬೆಂಕಿಪೊಟ್ಟಣ ಇತ್ತು. ಗುಂಡಿ ತೋಡಿ, ಬೆಂಕಿ ಹಾಕಿ, ಚೆನ್ನಾಗಿ ಹತ್ತಿದ ಮೇಲೆ ಅವಳು ಮೇಲೆ ಮಣ್ಣು ಮುಚ್ಚಿಬಿಟ್ಟಳು. ಬಿಟ್ಟರೆ ಬೂದಿಯಾಗುತ್ತದೆ, ಬೇಗ ತೆಗೆದರೆ ಬರೀ ಸುಟ್ಟ ಕಟ್ಟಿಗೆ. ಅವಳು ಅಂಗೈಯನ್ನು ಮಣ್ಣಿನ ಮೇಲಿಟ್ಟು ಕೂತಳು. ನಾನು ಸೆರಗನ್ನು ಸಾಬರ ಮುಖಕ್ಕೆ ನೆರಳು ಹಿಡಿದು ಕೂತೆ. ಸಾಬರು ಹಾಲಿನಿಂದ ಒಂದಿಷ್ಟು ಚೇತರಿಸಿಕೊಂಡು, "ನಿಮ್ಮ ಪಾಲು ನಾನು ಕುಡಿದುಬಿಟ್ನಲ್ಲ ತಾಯಿ," ಅಂತ ಗೊಣಗಿದರು. "ಸುಮ್ಮನೆ ಮಲಗಿ," ಅಂದೆ. ಅಷ್ಟು ಹೇಳುವುದಕ್ಕೇ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

ಎಷ್ಟು ಹೊತ್ತೋ ತಿಳಿಯದು. ಕಣ್ಣು ಮುಚ್ಚಿದರೆ ನಮ್ಮ ಅಂಗಳದ ಬಾವಿ ಕಾಣುತ್ತಿತ್ತು, ರಾಟೆಯ ಸದ್ದು ಕೇಳುತ್ತಿತ್ತು. ಕಣ್ಣು ಬಿಟ್ಟರೆ ಹೊಂಡ. ಒಂದು ಸಲ ನಾನು ಹೊಂಡದ ಕಡೆ ಸರಿದದ್ದು ನನಗೇ ಗೊತ್ತಿರಲಿಲ್ಲ. ವನಜಾಕ್ಷಿ ನನ್ನ ಜಡೆ ಹಿಡಿದು ಎಳೆದಾಗಲೇ ಎಚ್ಚರವಾದದ್ದು. "ಅತ್ತೆ, ನನ್ನ ನೋಡಿ. ನನ್ನೇ ನೋಡ್ತಿರಿ," ಅಂದಳು. ಅವಳನ್ನೇ ನೋಡುತ್ತ ಕೂತೆ. ಬೆಟ್ಟಯ್ಯನಿಗೆ ಹೀಗೆ ನೋಡಲು ಯಾರೂ ಇರಲಿಲ್ಲ.

ಬಿಸಿಲು ಕೆಂಪಾಗುವ ಹೊತ್ತಿಗೆ ಅವಳು ಗುಂಡಿ ಬಗೆದಳು. ಇದ್ದಿಲು ಕರ್ರಗೆ, ಮುರಿದರೆ ಗಾಜಿನ ಹಾಗೆ ಟಣ್ಣೆನ್ನುತ್ತಿತ್ತು. ಕಲ್ಲಿನಿಂದ ಕುಟ್ಟಿ, ಹೊಂಡದ ನೀರಲ್ಲಿ ಬೂದಿ ತೊಳೆದು, ಡಬ್ಬಿಗೆ ಒತ್ತಿ ಒತ್ತಿ ತುಂಬಿದಳು. ನೀರು ಸುರಿದು ಪಂಪು ಒತ್ತಿದಳು. ಮೊದಲು ಕಪ್ಪು ನೀರು ಬಂತು, ಚೆಲ್ಲಿದಳು. ಆಮೇಲೆ ತಿಳಿ. ಲೋಟದ ಕಾಲುಭಾಗ ತುಂಬಿದಾಗ ಅವಳು ಬಾಯಿಗೆ ಹಿಡಿಯಲು ಹೋದಳು. ನಾನು ಲೋಟಕ್ಕೆ ಕೈ ಹಾಕಿದೆ.

"ಬಿಡಿ ಅತ್ತೆ. ಮಾಡಿದೋಳೇ ಮೊದಲು ಕುಡೀಬೇಕು."

"ನೀನು ಬಿದ್ದರೆ ಆ ಡಬ್ಬಿ ಬಿಚ್ಚಿ ಸರಿಮಾಡೋರು ಯಾರು? ನಾನಾ, ಸಾಬರಾ? ನಾನು ಬಿದ್ದರೆ ನೀನಿದ್ದೀಯ."

"ಜಾಲಿ ಇದ್ದಿಲು ಹೇಗೆ ಅಂತ ನನಗೆ ಗೊತ್ತಿಲ್ಲ. ನಾನು ನೋಡಿಲ್ಲ. ಅತ್ತೆ, ನನಗೆ ನಿಜವಾಗಲೂ ಗೊತ್ತಿಲ್ಲ." ಅವಳ ಧ್ವನಿ ಒಡೆಯಿತು. ಗಂಡ ಸತ್ತಾಗ ಬಾರದ ಅಳು ಅವಳಿಗೆ ಅಲ್ಲಿ ಬಂತು. ಕಣ್ಣೀರು ಸುರಿಯುವಷ್ಟು ನೀರು ಅವಳ ಮೈಯಲ್ಲಿ ಇರಲಿಲ್ಲ, ಮುಖ ಮಾತ್ರ ಕಿವುಚಿಕೊಂಡಿತು.

ನಾನು ಕುಡಿದೆ. ನೀರು ಬಾಯಿಗೆ ಬಿದ್ದಾಗ ಮೊದಲು ಹೊಗೆಯ ವಾಸನೆ, ಹಿಂದೆಯೇ ಮಣ್ಣಿನ ವಾಸನೆ. ಕಹಿಗಾಗಿ ಕಾದೆ. ನಾಲಿಗೆಯ ಬುಡದಲ್ಲಿ, ಗಂಟಲಲ್ಲಿ, ಎದೆಯಲ್ಲಿ ಇಳಿದಿಳಿದು ಹೋಗುವಾಗಲೂ ಕಾದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಕೂತಿದ್ದಳು. ಸೂರ್ಯ ಬಂಡೆಯ ಹಿಂದೆ ಇಳಿದ. ಹೊಟ್ಟೆ ಒಮ್ಮೆ ಗುಡುಗುಟ್ಟಿತು, ಅವಳ ಹಿಡಿತ ಬಿಗಿಯಾಯಿತು.

"ಹಸಿವು ಕಣೇ," ಅಂದೆ.

ಸಾಬರು ಮಲಗಿದಲ್ಲಿಂದಲೇ ನಕ್ಕರು. ಆಮೇಲೆ ಮೂವರೂ ಸರದಿಯ ಮೇಲೆ ಪಂಪು ಒತ್ತಿದೆವು, ಸರದಿಯ ಮೇಲೆ ಕುಡಿದೆವು. ಉಳಿದ ಜಾಲಿ ಇದ್ದಿಲನ್ನು ನನ್ನ ಸೆರಗಿನಲ್ಲಿ ಕಟ್ಟಿಕೊಂಡು ತಂಪಿನಲ್ಲಿ ನಡೆದು ಆಚೆಯೂರು ಸೇರಿದೆವು. ಮುದ್ದಣ್ಣನ ಮುದಿ ಮೇಕೆಯನ್ನೂ ಬಿಡಲಿಲ್ಲ, ಅದಕ್ಕೂ ಒಂದೆರಡು ಲೋಟ ಕುಡಿಸಿ ಎಬ್ಬಿಸಿಕೊಂಡು ಹೋದೆವು.

ಅಲ್ಲಿ ದಣಿವಾರಿಸಿಕೊಂಡು, ಹೊಸ ಚಿಪ್ಪಿನ ಇದ್ದಿಲು ಹೊಂದಿಸಿಕೊಂಡು, ಸಾಬರನ್ನೂ ಕರೆದುಕೊಂಡು ಹಿಂದಿರುಗಿದೆವು. ಬರುವಾಗ ತೊಂದರೆಯಾಗಲಿಲ್ಲ. ಕಹಿ ಹತ್ತುವ ಮೊದಲೇ ಇದ್ದಿಲು ಬದಲಾಯಿಸಿದಳು. ಗಡಿಕಲ್ಲು ದೂರದಲ್ಲಿ ಕಂಡಾಗ ಅವಳು ನಿಂತಳು.

"ಅತ್ತೆ, ನಡುವೆ ಕೆಟ್ಟಿದ್ದನ್ನ ಹೇಳಬೇಡಿ. ಅದನ್ನ ಕೇಳಿದರೆ ಮುದ್ದಣ್ಣ ಮಿಕ್ಕಿದ್ದನ್ನ ಕೇಳೋದೇ ಇಲ್ಲ. ಹೇಗೂ ಈಗ ನನಗೆ ಗೊತ್ತಾಗಿದೆಯಲ್ಲ, ಸರಿಮಾಡ್ತೀನಿ."

"ನೀನು ಸರಿಮಾಡೋ ಮೊದಲೇ ಯಾರಾದರೂ ಹೊತ್ಕೊಂಡು ಹೋದರೆ?"

"ನಾನು ಕೊಡಲ್ಲ."

"ನೋಡಿ ಮಾಡ್ಕೊಳ್ತಾರೆ. ಡಬ್ಬಿ ಎಲ್ಲರ ಮನೇಲೂ ಇದೆ, ಪಂಪೂ ಇದೆ. ಇದ್ದಿಲು ಸಾಯುತ್ತೆ ಅಂತ ಗೊತ್ತಿಲ್ಲದೆ ಹೊರಡ್ತಾರೆ."

"ನಿಮಗೆ ನಿಮ್ಮ ಮೇಕೆ ಉಳೀಬೇಕು," ಅಂದಳು. ಆ ಮಾತು ನನ್ನ ಎದೆಗೆ ನಾಟಿತು. ಮೇಕೆಯ ಹಗ್ಗ ಎಳೆದುಕೊಂಡು ಮುಂದೆ ನಡೆದೆ.

ಕಲ್ಲಿನ ಬಳಿ ಮೇಕೆಯವರೆಲ್ಲ ನಿಂತಿದ್ದರು. ಮುದ್ದಣ್ಣ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, ನನ್ನ ಕಡೆ ತಿರುಗಿದ. "ಹೇಳು ಸಾಕಮ್ಮ. ಹಾಲು ಮುಟ್ಟಿದಳಾ?"

"ಒಂದು ಹನಿ ಮುಟ್ಟಲಿಲ್ಲ. ನಾನೇ ಅವಳ ನೀರು ಕುಡಿದು ಬದುಕಿದೆ," ಅಂದೆ. ಜನ ಗುಜುಗುಜು ಅಂದರು. ನಾನು ನಿಲ್ಲಿಸಲಿಲ್ಲ. ನಡುಬಯಲಲ್ಲಿ ಕಹಿ ಹತ್ತಿದ್ದು, ಇದ್ದಿಲು ಸತ್ತದ್ದು, ಜಾಲಿ ಸುಟ್ಟದ್ದು, ಎಲ್ಲ ಹೇಳಿದೆ. ಎಷ್ಟು ದೂರಕ್ಕೆ ಬದಲಾಯಿಸಬೇಕು ಅನ್ನುವುದನ್ನೂ ಹೇಳಿದೆ.

"ನೋಡಿದ್ರಾ, ನಡುವೆ ಕೆಡುತ್ತೆ!" ಅಂತ ಮುದ್ದಣ್ಣ ಕೈಯೆತ್ತಿದ.

ಬುಡೇನ್ ಸಾಬರು ಮುಂದೆ ಬಂದು ಅವನ ಮೇಕೆಯ ಹಗ್ಗವನ್ನು ಅವನ ಕೈಗಿಟ್ಟರು. "ನಿನ್ನ ಮೇಕೆ ಮೊಲೇಲಿ ಗಾಳಿ ಬಂತು ಮುದ್ದಣ್ಣ. ಅದರ ಮಾತು ಯಾವಾಗ ಆಡೋಣ?"

ಮುದ್ದಣ್ಣ ಹಗ್ಗ ಹಿಡಿದು ಮೇಕೆಯನ್ನು ತನ್ನ ಹಿಂದಕ್ಕೆ ಎಳೆದುಕೊಂಡ. ಆದರೂ ಆ ದಿನ ಆದ ತೀರ್ಮಾನ ಅವನದೇ: ಡಬ್ಬಿ ಹೊತ್ತು ಯಾರೂ ಕಲ್ಲು ದಾಟಕೂಡದು. ಮೇಕೆಯವರು ನನ್ನ ಮನೆಗೆ ಬರುವುದನ್ನು ಬಿಟ್ಟರು, ಯಾಕೆಂದರೆ ನಾನು ಅವಳ ನೀರು ಕುಡಿದು ಹೊಗಳಿದವಳು. ವನಜಾಕ್ಷಿ ಡಬ್ಬಿ ಎತ್ತಿಕೊಂಡು ಕುಂಬಾರಗೇರಿಗೆ ಹೊರಟುಹೋದಳು, ಯಾಕೆಂದರೆ ನಾನು ಎಲ್ಲವನ್ನೂ ಹೇಳಿದವಳು. ಹಿತ್ತಲಿನಲ್ಲಿ ಅವಳು ಬಿಲ್ಲೆ ಸುಡುತ್ತಿದ್ದ ಗೂಡು ತಣ್ಣಗಾಯಿತು. ದಾರಿಯಲ್ಲಿ ಎದುರು ಸಿಕ್ಕರೆ ಅವಳು ತಲೆ ತಗ್ಗಿಸಿ ಹೋಗುತ್ತಿದ್ದಳು. ನಾನು ಮೇಕೆಗಳಿಗೆ ಸೊಪ್ಪು ಹಾಕಿಕೊಂಡು, ಒಬ್ಬಳೇ ಉಂಡು, ಒಬ್ಬಳೇ ಇದ್ದೆ. ಮಳೆಗಾಲ ಹೀಗೇ ಕಳೆಯಿತು.

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಕೈಯೆಲ್ಲ ಮಣ್ಣು, ಬೆನ್ನಿಗೆ ಹೊಸ ಡಬ್ಬಿ.

"ಇದ್ದಿಲಿಗೆ ಎರಡು ಅರೆ ಮಾಡಿದ್ದೀನಿ," ಅಂದಳು, ಒಳಗೆ ಬಾರದೆಯೇ. "ನಡುವೆ ಒಂದು ಸಣ್ಣ ನಳಿಗೆ. ಮೊದಲನೇ ಅರೆ ಸತ್ತರೆ ಅಲ್ಲಿ ಕಹಿ ಗೊತ್ತಾಗುತ್ತೆ. ಆಗಲೂ ಎರಡನೇದು ಕಾಯುತ್ತೆ. ಬದಲಾಯಿಸೋಕೆ ಹೊತ್ತು ಸಿಗುತ್ತೆ."

"ಕುಡಿದು ನೋಡಿದ್ಯಾ?"

"ಕಲ್ಲಿನ ಪಕ್ಕ ಕೂತು ಕುಡಿಯೋದು ನೋಡಿದ ಹಾಗಲ್ಲ ಅಂತ ಅವರೇ ಹೇಳಿದ್ದಾರಲ್ಲ." ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡು, "ಕೂಡದು ಅಂದಿದ್ದಾರೆ. ಆದರೂ ಹೋಗ್ತೀನಿ. ಹೇಳಿ ಹೋಗೋಣ ಅಂತ ಬಂದೆ," ಅಂದಳು.

ನಾನು ಮೊರ ಕೆಳಗಿಟ್ಟೆ. ಒಳಗೆ ಹೋಗಿ ಒಂದಿಷ್ಟು ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಬಂದು ಚಪ್ಪಲಿ ಮೆಟ್ಟಿದೆ. ಬೀದಿಯಲ್ಲಿ ಜನ ನೋಡುತ್ತಿದ್ದರು, ಮುದ್ದಣ್ಣನ ಮನೆಯ ಮುಂದೆ ಹಾದೇ ಹೋದೆವು. ಅವನು ಜಗಲಿಯಿಂದ ಎದ್ದು ನಿಂತ, ತಡೆಯಲಿಲ್ಲ. ಗಡಿಕಲ್ಲಿನ ಬಳಿ ಬಂದಾಗ ಅವಳು ತಿರುಗಿ ನನ್ನ ಬರಿಗೈ ನೋಡಿದಳು.

"ಅತ್ತೆ, ಮೇಕೆ?"

"ಇಬ್ಬರಿಗೆ ಇದು ಸಾಲಲ್ವಾ?" ಅಂದೆ.

ಅವಳು ಡಬ್ಬಿಯ ಪಟ್ಟಿ ಬಿಗಿ ಮಾಡಿಕೊಂಡಳು. ತಲೆಯಾಡಿಸಿದಳು. ನಾನೇ ಮೊದಲು ದಾಟಿದೆ.